ಎತ್ತಿ ಕುಡಿದ ನೀರು

ಸಿಂಗಪುರದಲ್ಲಿ ಬೆಟ್ಟವಿಲ್ಲ. ಇರುವ ಒಂದು ಗುಡ್ಡವನ್ನು ಹತ್ತಿ ಮುಗಿಸುವಷ್ಟರಲ್ಲಿ ಮೈ ಬೆವರುತ್ತದೆಯೇ ಹೊರತು ಕಾಲು ದಣಿಯುವುದಿಲ್ಲ. ಹಾಗಾಗಿ ಹಿಮಾಲಯಕ್ಕೆ ಹೊರಟಿದ್ದ ನಾವು ಎಂಟು ಜನ ಟೋವಾ ಪಾಯೋದ ಇಪ್ಪತ್ತೈದು ಮಹಡಿಯ ಒಂದು ಬ್ಲಾಕಿನ ಮೆಟ್ಟಿಲುಗಳನ್ನೇ ಪರ್ವತ ಮಾಡಿಕೊಂಡಿದ್ದೆವು. ಬೆನ್ನಚೀಲದಲ್ಲಿ ಇಪ್ಪತ್ತು ಕಿಲೋ ಆಗುವಷ್ಟು ನೀರಿನ ಬಾಟಲಿಗಳು. ಮೇಲೆ ತಲುಪಿ ನೀರು ಚೆಲ್ಲಿ, ಮೊಣಕಾಲು ಉಳಿಸಿಕೊಳ್ಳಲು ಲಿಫ್ಟಿನಲ್ಲಿ ಇಳಿದು, ಮತ್ತೆ ನೀರು ತುಂಬಿಸಿಕೊಂಡು ಹತ್ತುವುದು. ಆ ಲಿಫ್ಟು ಎಲ್ಲ ಮಹಡಿಗಳಲ್ಲೂ ನಿಲ್ಲುತ್ತಿರಲಿಲ್ಲ. ನಾಲ್ಕು ಮಹಡಿಗೊಮ್ಮೆ ಮಾತ್ರ. ಕೆಳಗೆ, ಗೋಡೆಯಿಲ್ಲದೆ ತೆರೆದಿಟ್ಟ ನೆಲಮಹಡಿಯ ವಾಯ್ಡ್ ಡೆಕ್ಕಿನ ಬೆಂಚಿನಲ್ಲಿ ಕೂರುತ್ತಿದ್ದ ಚೀನೀ ಅಜ್ಜಿಯೊಬ್ಬರು ತಿಂಗಳುಗಟ್ಟಲೆ ನಮ್ಮನ್ನು ನೋಡಿ, ಕೊನೆಗೊಂದು ದಿನ ತಡೆಯಲಾರದೆ, “ಲಿಫ್ಟ್ ಸ್ಪಾಯಿಲ್ ಆ?” ಎಂದು ಕೇಳಿದ್ದರು. ಹತ್ತಲು ಮೆಟ್ಟಿಲು, ಇಳಿಯಲು ಲಿಫ್ಟು ಎಂದು ವಿವರಿಸಿದ ಮೇಲೆ ಅವರು ನಮ್ಮನ್ನು ಮಾತಾಡಿಸುವುದನ್ನೇ ಬಿಟ್ಟರು.

ಆ ಮೆಟ್ಟಿಲುಗಳ ಮೇಲೆಯೇ, ತೊಂಬತ್ತರ ದಶಕದ ನಡುವಿನ ಒಂದು ಡಿಸೆಂಬರ್ ಭಾನುವಾರ ಬೆಳಿಗ್ಗೆ, ಹನ್ನೆರಡನೇ ಮಹಡಿಯಲ್ಲಿ ಕೆಮ್ಮು ಬಂದು ನಿಂತೆ. ಕರ್ಚೀಫು ತೆಗೆದು ನೋಡಿದರೆ ಕೆಂಪು. ಲಿಫ್ಟಿಗಾಗಿ ಇನ್ನೊಂದು ಮಹಡಿ ಹತ್ತಬೇಕಿತ್ತು. ಅಷ್ಟು ಹತ್ತುವಷ್ಟರಲ್ಲಿ ನಾನು ನಾಲ್ಕು ತಿಂಗಳಿಂದ ಗೊತ್ತಿಲ್ಲದ ಹಾಗೆ ನಟಿಸುತ್ತಿದ್ದದ್ದು ನನಗೆ ಗೊತ್ತಾಗಿಹೋಯಿತು.

ನನಗೆ ಬಂದದ್ದು ಟಿ.ಬಿ. ಇದನ್ನು ಓದುವವರಲ್ಲಿ ಯಾರಿಗಾದರೂ ಈಗ ಅದೇ ಕಾಯಿಲೆ ಇದ್ದರೆ ಮೊದಲೇ ಹೇಳಿಬಿಡುತ್ತೇನೆ: ವಾಸಿಯಾಗುತ್ತದೆ, ಮಾತ್ರೆ ಬಿಡಬೇಡಿ. ಉಳಿದದ್ದೆಲ್ಲ ನಾನು ಮಾಡಿದ ತಪ್ಪಿನ ಕಥೆ. ಅದನ್ನು ಬಿಟ್ಟು ಕಾಯಿಲೆಯ ಬಗ್ಗೆ ಮಾತ್ರ ಬರೆದರೆ ಮತ್ತೊಂದು ಸುಳ್ಳು ಹೇಳಿದಂತಾಗುತ್ತದೆ.

ಆಗ ನನಗೆ ನಲವತ್ತೊಂದು. ಜುರಾಂಗ್ ಕಡೆಯ ಹಡಗು ರಿಪೇರಿ ಯಾರ್ಡಿನಲ್ಲಿ ಎಂಜಿನಿಯರ್. ಹೆಂಡತಿ ವಾರಿಜಾ, ಆರು ವರ್ಷದ ಮಗಳು ಅನಘಾ. ನಾವು ಹತ್ತಲು ಹೊರಟಿದ್ದ ಗಢವಾಲದ ಶಿಖರದ ಹೆಸರು ಬರೆಯುವುದಿಲ್ಲ. ಬರೆದರೆ ತಂಡದವರ ಗುರುತು ಸಿಕ್ಕಿಬಿಡುತ್ತದೆ, ಅವರದೇನೂ ತಪ್ಪಿಲ್ಲ. ಎತ್ತರ ಬಹಳವಲ್ಲ, ಆದರೆ ಬಲ್ಲವರು ಅದರ ಹೆಸರು ಕೇಳಿದರೆ ಒಂದು ಕ್ಷಣ ಸುಮ್ಮನಾಗುವಂಥದು. ಕೊನೆಯ ಸಾವಿರ ಅಡಿ ಬರೀ ಬಂಡೆ ಮತ್ತು ಐಸು. ಹಿಂದಿನ ವರ್ಷ ಒಂದು ಸಲ ಹೋಗಿ, ಎರಡನೇ ಕ್ಯಾಂಪಿನಿಂದಲೇ ಹಿಮಕ್ಕೆ ಹೆದರಿ ವಾಪಸಾಗಿದ್ದೆವು. ಎರಡನೇ ಪ್ರಯತ್ನ ಆ ಡಿಸೆಂಬರಿಗೆ ಮೂರು ತಿಂಗಳ ಮೊದಲು, ಸೆಪ್ಟೆಂಬರಿನಲ್ಲಿ. ಈ ಸಲ ಬಿಟ್ಟರೆ ಈ ವಯಸ್ಸಿನಲ್ಲಿ ಇನ್ನೊಂದು ಸಲ ಯಾರೂ ಕರೆಯುವುದಿಲ್ಲ ಎಂಬ ಭಯ ನನಗೆ.

ಹೊರಡುವ ಮುನ್ನವೇ ಕೆಮ್ಮು ಶುರುವಾಗಿತ್ತು. ಸಂಜೆಯಾದರೆ ಮೈ ಸ್ವಲ್ಪ ಬೆಚ್ಚಗಾಗುತ್ತಿತ್ತು. ಐದು ಕಿಲೋ ಇಳಿದಿದ್ದೆ. ತಂಡದವರು ಅದನ್ನು ಟ್ರೈನಿಂಗಿನ ಫಲ ಎಂದು ಹೊಗಳಿದರು, ನಾನೂ ಹೊಗಳಿಸಿಕೊಂಡೆ. ನಮ್ಮ ಲೀಡರ್ ಲಿಮ್ ಎಲ್ಲರಿಗೂ ಒಂದು ಆರೋಗ್ಯದ ಫಾರ್ಮ್ ಕೊಟ್ಟಿದ್ದರು. ಅದರಲ್ಲಿ ಎರಡು ವಾರಕ್ಕಿಂತ ಹೆಚ್ಚಿನ ಕೆಮ್ಮು ಇದೆಯೇ ಎಂಬ ಪ್ರಶ್ನೆಯಿತ್ತು. ಊಟದ ಮೇಜಿನ ಮೇಲೆ, ಪಕ್ಕದಲ್ಲಿ ಮಗಳು ಹೋಮ್‌ವರ್ಕ್ ಮಾಡುತ್ತಿರುವಾಗ, “ಇಲ್ಲ” ಎಂಬಲ್ಲಿ ಗುರುತು ಹಾಕಿದೆ. ಅವಳ ರಬ್ಬರು ಕೈಯಳತೆಯಲ್ಲೇ ಇತ್ತು.

ತಂಡದಲ್ಲಿ ಕನ್ನಡದವರು ಇಬ್ಬರೇ, ನಾನು ಮತ್ತು ಗಿರೀಶ. ಅವನು ಮೈಸೂರಿನವನು, ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದ, ಇನ್ನೂ ಮದುವೆಯಾಗಿರಲಿಲ್ಲ. ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಎಂಟು ಜನರಲ್ಲಿ ಶಿಖರದ ಮೇಲೆ ಒಬ್ಬನೇ ನಿಲ್ಲಬಹುದು ಎಂದರೆ ಅದು ಗಿರೀಶ ಎನ್ನುವುದು ನಮಗೆಲ್ಲ ಗೊತ್ತಿತ್ತು. ಭಾಷೆ ಒಂದೇ ಎಂದು ನಮ್ಮಿಬ್ಬರನ್ನು ಒಂದೇ ಟೆಂಟಿಗೆ ಹಾಕಿದರು.

ಮೂರನೇ ಕ್ಯಾಂಪಿನಲ್ಲಿ ಬಿರುಗಾಳಿ ಹಿಡಿಯಿತು. ನಾಲ್ಕು ದಿನ ನಾವು ಆ ಟೆಂಟಿನಿಂದ ಹೊರಬರಲಿಲ್ಲ. ಇಬ್ಬರು ಮಗ್ಗುಲು ಬದಲಿಸಲು ಪರಸ್ಪರ ಹೇಳಿಕೊಳ್ಳಬೇಕಾದಷ್ಟೇ ಜಾಗ. ಜಿಪ್ ಮುಚ್ಚಿ, ಗಾಳಿಯ ಕಿಂಡಿಗೂ ಕಾಲುಚೀಲ ತುರುಕಿ ಮಲಗಿದ್ದೆವು. ನಾನು ಕೆಮ್ಮುತ್ತಲೇ ಇದ್ದೆ. ಅಷ್ಟು ಎತ್ತರದ ಒಣಗಾಳಿಗೆ ಎಲ್ಲರೂ ಕೆಮ್ಮುತ್ತಾರೆ, ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಗಿರೀಶ ಸ್ಟೌ ಹಚ್ಚಿ ಹಿಮ ಕರಗಿಸುತ್ತಿದ್ದ. ಮೊದಲ ಲೋಟ ನನಗೆ.

ಎರಡನೇ ದಿನ, ಹಿಮ ತೆಗೆದುಕೊಳ್ಳಲು ಜಿಪ್ ತೆರೆದಾಗ, ಒಂದು ಲೋಟ ಗಾಳಿಗೆ ಹಾರಿಹೋಗಿ ಒಂದೇ ಉಳಿಯಿತು. ಉಡುಪಿಯ ಹತ್ತಿರದ ನಮ್ಮ ಮನೆಯಲ್ಲಿ ನೀರಿನ ಚೊಂಬಿಗೆ ತುಟಿ ತಾಗಿಸಿದರೆ ಅಮ್ಮ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿಸುತ್ತಿದ್ದರು, ಅದೂ ತಾಗಿಸಿದವರ ಕೈಯಲ್ಲೇ. ಕಚ್ಚಿ ಕುಡಿಯುವುದು ನನ್ನಿಂದ ಸಾಧ್ಯವೇ ಇರಲಿಲ್ಲ. ನಾನು ಆ ಬಿಸಿ ಲೋಟವನ್ನು ಮೇಲೆತ್ತಿ, ತಲೆ ಟೆಂಟಿನ ಬಟ್ಟೆಗೆ ತಾಗುತ್ತಿರುವಾಗಲೇ, ಬಾಯಿಗೆ ಸುರಿದುಕೊಂಡೆ. ಅರ್ಧ ಗದ್ದಕ್ಕೆ, ಅರ್ಧ ಸ್ಲೀಪಿಂಗ್ ಬ್ಯಾಗಿಗೆ. ಗಿರೀಶ ಹೊಟ್ಟೆ ಹಿಡಿದುಕೊಂಡು ನಕ್ಕ. ಹತ್ತೊಂಬತ್ತು ಸಾವಿರ ಅಡಿಯಲ್ಲೂ ಎಂಜಲು ಮುಸುರೆ ನೋಡುವವರು ನೀವೊಬ್ಬರೇ ಸಾರ್ ಎಂದ, ಆಮೇಲೆ ಅದನ್ನೇ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಐದನೇ ದಿನ ಆಕಾಶ ತಿಳಿಯಾಯಿತು. ಎಲ್ಲರೂ ಹೊರಟೆವು. ಒಂದು ಗಂಟೆಯಲ್ಲೇ ನಾನು ಹತ್ತು ಹೆಜ್ಜೆಗೊಮ್ಮೆ ಕೂರತೊಡಗಿದೆ. ಯಾರಾದರೂ ನನ್ನನ್ನು ಕೆಳಗಿಳಿಸಬೇಕಿತ್ತು. ಲಿಮ್ ಬಾಯಿ ತೆರೆಯುವ ಮೊದಲೇ ಗಿರೀಶ ತನ್ನ ಹಗ್ಗ ಬಿಚ್ಚಿ ನನ್ನದಕ್ಕೆ ಕಟ್ಟಿಕೊಂಡ. ನಾನು ಬೇಡ ಎಂದೆ. ಬಾಯಲ್ಲಿ ಮಾತ್ರ ಎಂದೆ.

“ಅದು ಅಲ್ಲೇ ಇರತ್ತೆ ಸಾರ್, ಮುಂದಿನ ಸಲ ಬರೋಣ. ನೀವು ಮುಂದೆ ಇಳೀರಿ, ನಾನು ಹಿಂದೆ ಇರ್ತೀನಿ.”

ಇಳಿಯುವಾಗ ಬಲವಿರುವವನು ಹಿಂದೆ, ಮೇಲುಗಡೆ ಇರಬೇಕು; ಮುಂದಿನವನು ಜಾರಿದರೆ ಹಿಡಿಯಬೇಕು. ಅವತ್ತು ಮೂರು ಸಲ ಜಾರಿದೆ. ಮೂರು ಸಲವೂ ಸೊಂಟದಲ್ಲಿ ಹಗ್ಗ ಬಿಗಿಯಾಯಿತು. ಉಳಿದವರು ಶಿಖರದ ಕೆಳಗಿನ ಬಂಡೆಯ ತನಕ ಹೋಗಿ, ಅಲ್ಲಿ ದಾರಿ ಮಾಡಬಲ್ಲವನು ಇಲ್ಲದೆ ವಾಪಸಾದರು. ಗಿರೀಶನಿದ್ದಿದ್ದರೆ ಹತ್ತುತ್ತಿದ್ದರು ಎಂದು ಲಿಮ್ ಬೇಸ್ ಕ್ಯಾಂಪಿನಲ್ಲಿ ಹೇಳಿದಾಗ ನಾನು ಬೂಟಿನ ದಾರ ಬಿಚ್ಚುತ್ತಿದ್ದೆ. ತಲೆ ಎತ್ತಲಿಲ್ಲ.

ಡಿಸೆಂಬರಿಗೆ ಬರುತ್ತೇನೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಎಡಗಡೆ ಮೇಲ್ಭಾಗದಲ್ಲಿ ಬೆರಳಿಟ್ಟರು. ನಾನು ವಾರಿಜಾಳ ಮುಖ ನೋಡಿದೆ. ಅವಳು ಎಕ್ಸ್‌ರೇ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಕೆಮ್ಮು ಎಷ್ಟು ದಿನದಿಂದ ಎಂದು ಡಾಕ್ಟರು ಕೇಳಿದರು. ಆಗಸ್ಟಿನಿಂದ ಎಂದೆ. ಅವಳಿಗೆ ನಾನು ಹಿಮಾಲಯದಿಂದ ಬಂದ ಮೇಲೆ ಶುರುವಾದದ್ದು ಎಂದು ಹೇಳಿದ್ದೆ.

ವಾರದ ನಂತರ ಅನಘಾಳ ತೋಳಿಗೆ ಚುಚ್ಚಿದ ಪರೀಕ್ಷೆಯ ಜಾಗ ಊದಿಕೊಂಡಿತು. ಕಾಯಿಲೆಯಿಲ್ಲ, ಆದರೆ ಕ್ರಿಮಿ ಒಳಗೆ ಹೋಗಿದೆ, ಆರು ತಿಂಗಳು ಮಾತ್ರೆ ಬೇಕು ಎಂದರು. ಮಗು ಆ ಊತವನ್ನು ಶಾಲೆಯಲ್ಲಿ ಎಲ್ಲರಿಗೂ ತೋರಿಸಿ ಬಂದಿತ್ತು. ವಾರಿಜಾ ನನ್ನೊಂದಿಗೆ ಜಗಳವಾಡಲಿಲ್ಲ. ಅಡುಗೆಮನೆಯಲ್ಲಿ ಮಗಳ ಮಾತ್ರೆಯನ್ನು ಚಮಚದ ಬೆನ್ನಲ್ಲಿ ಪುಡಿ ಮಾಡುತ್ತ ಒಂದೇ ಸಲ ಹೇಳಿದಳು:

“ಪರ್ವತಕ್ಕೆ ಹೋಗ್ಲಾ ಅಂತ ನನ್ನ ಹತ್ರ ಕೇಳಿದ್ರಿ. ಕೆಮ್ಮು ಬಂದದ್ದು ಮಾತ್ರ ಎಂತಕ್ಕೆ ಹೇಳ್ಲಿಲ್ಲ?”

ನಾನು ಮಗಳ ಲೋಟಕ್ಕೆ ನೀರು ತುಂಬಿಸಿ ಮೇಜಿನ ಮೇಲಿಟ್ಟೆ.

ನನ್ನ ಚಿಕಿತ್ಸೆಯಲ್ಲಿ ದಿನಾ ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗಿ, ನರ್ಸಿನ ಕಣ್ಣೆದುರೇ ಮಾತ್ರೆ ನುಂಗಬೇಕಿತ್ತು. ಶುರುವಿನಲ್ಲಿ ಹನ್ನೊಂದು ಮಾತ್ರೆ. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಸದ್ದಿಲ್ಲದೆ ಓಡುವ ಟಿ.ವಿ., ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಅಲ್ಲಿ ನನ್ನನ್ನು ಮೊದಲು ಮಾತಾಡಿಸಿದವರು ಒಬ್ಬ ವಯಸ್ಸಾದ ಟ್ಯಾಕ್ಸಿ ಅಂಕಲ್. ಮೂತ್ರ ಕೆಂಪಗೆ ಹೋದರೆ ಹೆದರಬೇಡ, ಅದು ಔಷಧಿಯ ಬಣ್ಣ ಎಂದು ಅವರೇ ಹೇಳಿದ್ದು. ಮಾತ್ರೆ ನುಂಗಿ ಹೊಟ್ಟೆ ತೊಳಸುವಾಗ ಬಾಯಿಗೆ ಹಾಕಿಕೋ ಎಂದು ಕಾಗದದ ಪೊಟ್ಟಣದಲ್ಲಿ ಉಪ್ಪು ಹಾಕಿ ಒಣಗಿಸಿದ ಪ್ಲಮ್ ಕೊಟ್ಟರು. ಉಪ್ಪಿನಲ್ಲಿಟ್ಟ ನೆಲ್ಲಿಕಾಯಿಯ ನೆನಪಾಯಿತು. ತಮ್ಮ ಕೋರ್ಸು ಮುಗಿಯುವವರೆಗೂ ದಿನಾ ನನಗೊಂದು ತೆಗೆದಿಟ್ಟುಕೊಂಡು ಬರುತ್ತಿದ್ದರು. ಅವರ ಹೆಸರನ್ನು ನಾನು ಕೇಳಲೇ ಇಲ್ಲ.

ಸಿಂಗಪುರದ ಕನ್ನಡ ಸಂಘದವರಿಗೆ ನಾವು ಹೇಳಿದ್ದು ಜಾಂಡೀಸ್ ಎಂದು. ಟಿ.ಬಿ. ಎಂದರೆ ಮಗಳನ್ನು ಯಾರೂ ಬರ್ತ್‌ಡೇಗೆ ಕರೆಯುವುದಿಲ್ಲ ಎಂಬ ಹೆದರಿಕೆ. ಪಾಪ, ಎಲ್ಲ ಆಂಟಿಯರೂ ಸರದಿಯಲ್ಲಿ ಎಣ್ಣೆ ಕಾಣದ, ಖಾರ ಕಾಣದ ಪಥ್ಯದ ಡಬ್ಬಿ ಹೊತ್ತು ತಂದರು. ಡಾಕ್ಟರು ತುಪ್ಪ, ಹಾಲು, ಸಾಧ್ಯವಾದರೆ ಮೊಟ್ಟೆ ತಿನ್ನಿ ಎಂದಿದ್ದರು. ನಾನು ಅವರೆದುರು ಮಜ್ಜಿಗೆ ಅನ್ನ ಉಂಡು, ಅವರು ಹೋದ ಮೇಲೆ ಮತ್ತೊಮ್ಮೆ ಉಣ್ಣುತ್ತಿದ್ದೆ. ತಂಡದವರಿಗೂ ಅದೇ ಜಾಂಡೀಸ್.

ಈಗ ಪಟ್ಟಿಯ ವಿಷಯ. ಮೊದಲ ವಾರ ನರ್ಸ್ ಫಾತಿಮಾ ಒಂದು ಹಾಳೆ ಮುಂದಿಟ್ಟುಕೊಂಡು, ಆಗಸ್ಟಿನಿಂದ ಈಚೆಗೆ ಮುಚ್ಚಿದ ಜಾಗದಲ್ಲಿ ಹೆಚ್ಚು ಹೊತ್ತು ನಿಮ್ಮ ಜೊತೆ ಯಾರ್ಯಾರು ಇದ್ದರು, ಹೆಸರು ಹೇಳಿ ಎಂದರು. ವಾರಿಜಾ. ಅನಘಾ. ಆಫೀಸಿನಲ್ಲಿ ನನ್ನ ಕೋಣೆಯಲ್ಲಿದ್ದ ಇಬ್ಬರು. ಆಮೇಲೆ ನಿಲ್ಲಿಸಿದೆ. ಇಷ್ಟೇನಾ ಎಂದು ಕೇಳಿದರು. ಇಷ್ಟೇ ಎಂದೆ.

ಯಾಕೆ ಬಿಟ್ಟೆ? ನನಗೆ ನಾನೇ ಹೇಳಿಕೊಂಡದ್ದು ಇದು: ಟೆಂಟಿನಲ್ಲಿ ಒಂದು ದಿನವೂ ಗಿರೀಶನಿಗೆ ನನ್ನ ಎಂಜಲು ತಾಗಿಲ್ಲ. ಒಂದೇ ಲೋಟದಲ್ಲೂ ಎತ್ತಿಯೇ ಕುಡಿದೆ, ಚಮಚ ಬೇರೆ, ತಟ್ಟೆ ಬೇರೆ. ಮನೆಯಲ್ಲಾದರೆ ಮಗಳು ನನ್ನ ತಟ್ಟೆಯಿಂದಲೇ ತಿನ್ನುತ್ತಾಳೆ, ಅವಳಿಗೆ ತಗುಲಿದ್ದು ಸಹಜ. ಗಿರೀಶನಿಗೆ ಹೇಗೆ ತಗುಲೀತು? ಓದಿದವನು, ಎಂಜಿನಿಯರ್, ಹಡಗಿನ ಮುಚ್ಚಿದ ಟ್ಯಾಂಕಿಗೆ ಜನರನ್ನು ಇಳಿಸುವ ಮೊದಲು ಒಳಗಿನ ಗಾಳಿ ಪರೀಕ್ಷೆ ಮಾಡಿಸುವ ಕೆಲಸದವನು, ಈ ಲೆಕ್ಕ ಹಾಕಿದೆ. ಪೂರ್ತಿ ನಂಬಿದ್ದೆ ಎಂದರೆ ಅದೂ ಸುಳ್ಳು. ಒಳಗೆ ಇದ್ದದ್ದು ಬೇರೆ. ಮೂರನೇ ಪ್ರಯತ್ನ ಮೇ ತಿಂಗಳಿಗೆ ನಿಗದಿಯಾಗಿತ್ತು, ಗಿರೀಶನೇ ಮುಂದಾಳು. ಅವನ ಹೆಸರು ಕೊಟ್ಟರೆ ನಾನು ಕಾಯಿಲೆ ಇಟ್ಟುಕೊಂಡೇ ಹತ್ತಿದ್ದು, ಫಾರ್ಮಿನಲ್ಲಿ ಸುಳ್ಳು ಬರೆದದ್ದು, ಅವನ ಶಿಖರ ತಪ್ಪಿಸಿದ್ದು ಎಲ್ಲ ಒಟ್ಟಿಗೆ ಬಯಲಾಗುತ್ತಿತ್ತು. ಅವನ ಎದುರು ಸಣ್ಣವನಾಗುವುದು ನನಗೆ ಬೇಕಿರಲಿಲ್ಲ.

ನಾಲ್ಕು ತಿಂಗಳು ದಿನಾ ಬೆಳಿಗ್ಗೆ ಫಾತಿಮಾ ನನ್ನ ಮುಂದೆ ಮಾತ್ರೆಯ ಬಟ್ಟಲು ಇಡುತ್ತಿದ್ದರು. ದಿನಾ ನನಗೆ ಅವಕಾಶವಿತ್ತು. ಗಿರೀಶ ಎರಡು ಸಲ ಮನೆಗೂ ಬಂದ, ಜಾಂಡೀಸಿಗೆಂದು ಎಳನೀರು ಹಿಡಿದುಕೊಂಡು. ವಾರಿಜಾಗೆ ನಾನು ಪಟ್ಟಿಯಲ್ಲಿ ಅವನ ಹೆಸರನ್ನೂ ಕೊಟ್ಟಿದ್ದೇನೆ ಎಂದು ಹೇಳಿದ್ದೆ. ಅವಳು ಬಾಗಿಲಲ್ಲೇ ನಿಂತು ಅವನ ಆರೋಗ್ಯ ಕೇಳುವಾಗ ನಾನು ಟಿ.ವಿ. ಜೋರು ಮಾಡುತ್ತಿದ್ದೆ.

ಏಪ್ರಿಲ್ ಮಧ್ಯದಲ್ಲಿ, ಕೆಮ್ಮು ನಿಂತು ತೂಕ ವಾಪಸ್ ಬಂದಿದ್ದ ನಾನು, ತಂಡದವರನ್ನು ನೋಡಲು ಆ ಬ್ಲಾಕಿಗೆ ಹೋದೆ. ಗಿರೀಶ ಮೂರನೇ ಮಹಡಿಯ ಮೆಟ್ಟಿಲಲ್ಲಿ ಚೀಲ ಇಳಿಸಿ ಕೂತಿದ್ದ, ಬಲಗೈಯಲ್ಲಿ ಪಕ್ಕೆ ಒತ್ತಿ ಹಿಡಿದುಕೊಂಡು. ಮೂರನೇ ಮಹಡಿ. ಇಪ್ಪತ್ತೈದು ಮಹಡಿ ಹತ್ತು ಸಲ ಹತ್ತುತ್ತಿದ್ದವನು.

“ಕ್ಯಾಚ್ ಹಿಡ್ಕೊಂಡಿದೆ ಸಾರ್. ಉಸ್ರು ಎಳ್ಕೊಂಡ್ರೆ ಚುಚ್ಚುತ್ತೆ. ಹೋಗ್ಬಿಡತ್ತೆ, ಇನ್ನೂ ಮೂರು ವಾರ ಇದ್ಯಲ್ಲ.”

ಅವನ ಕೆನ್ನೆ ಒಳಗೆ ಹೋಗಿತ್ತು. ತಂಡದವರು ಅದನ್ನೂ ಹೊಗಳಿರಬೇಕು. ನಾನು ಹಣೆ ಮುಟ್ಟಿ ನೋಡಲಿಲ್ಲ, ನೋಡುವ ಅಗತ್ಯವಿರಲಿಲ್ಲ. ಆಗಲೇ ಹೇಳಬಹುದಿತ್ತು. ಆ ಮೆಟ್ಟಿಲಲ್ಲಿ ಅವನ ಪಕ್ಕ ಕೂತು ಒಂದೇ ಮಾತು. ನಾನು ಅವನ ಚೀಲ ಎತ್ತಿ ಕೆಳಗೆ ತಂದುಕೊಟ್ಟು ಮನೆಗೆ ಬಂದೆ.

ಅವನ ಹೆಸರು ಹೇಳಿದ್ದು ಮರುದಿನ ಬೆಳಿಗ್ಗೆ, ಅದೂ ಅವನಿಗಲ್ಲ, ಫಾತಿಮಾಗೆ. ಎಂಜಲಿನ ವಿಷಯವನ್ನೂ ಹೇಳಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಪದ ಸಿಗದೆ, ನೀರಿನ ಲೋಟವನ್ನು ಎತ್ತಿ ಕುಡಿದು ತೋರಿಸಿದೆ. ಅವರು ನಗಲಿಲ್ಲ. ಪೆನ್ನು ಕೆಳಗಿಟ್ಟು ಕೇಳಿದರು:

“ಮಿಸ್ಟರ್ ರಾವ್, ನಾಲ್ಕು ದಿನ ಆ ಟೆಂಟಿನಲ್ಲಿ ನೀವಿಬ್ಬರೂ ಉಸಿರಾಡಿದ್ದು ಒಂದೇ ಗಾಳಿ ತಾನೆ?”

ಹೌದು ಎಂದೆ. ಅವರು ಹಾಳೆ ತೆಗೆದು ಐದನೆಯ ಹೆಸರು ಬರೆದುಕೊಂಡರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಕ್ಲಿನಿಕ್ಕಿನವರು ಗಿರೀಶನಿಗೆ ಫೋನ್ ಮಾಡಿ ಪರೀಕ್ಷೆಗೆ ಕರೆದರು. ಹೆಸರು ಕೊಟ್ಟವರು ಯಾರೆಂದು ಅವರು ಹೇಳುವುದಿಲ್ಲ, ಅದು ಅವರ ನಿಯಮ. ಟೆಂಟಿನಲ್ಲಿ ನನ್ನ ಕೆಮ್ಮು ಕೇಳಿದ್ದ ಅವನಿಗೆ ಹೇಳಬೇಕಾಗಿಯೂ ಇರಲಿಲ್ಲ. ಶ್ವಾಸಕೋಶದ ಹೊರಪದರದಲ್ಲಿ ನೀರು ತುಂಬಿತ್ತು, ಸೂಜಿ ಹಾಕಿ ತೆಗೆದರು. ಮೇ ಮೊದಲ ವಾರ ತಂಡ ಅವನಿಲ್ಲದೆ ಹೊರಟಿತು. ಮೊದಲು ನಾನು ಅವನ ಹೆಸರು ಕೊಟ್ಟಿರಲಿಲ್ಲ ಎಂದು ತಿಳಿದ ದಿನ ವಾರಿಜಾ ನನ್ನ ಊಟ ಬಡಿಸಿಟ್ಟು, ಮಗಳನ್ನು ಕರೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಪಟ್ಟಿಯ ಸುಳ್ಳು ಅವಳಿಗೆ ಕೆಮ್ಮಿನ ಸುಳ್ಳಿಗಿಂತ ದೊಡ್ಡದಾಗಿ ಕಂಡಿತು. ನನಗೂ ಹಾಗೇ.

ಆಮೇಲೆ ಗಿರೀಶನೂ ಅದೇ ಕ್ಲಿನಿಕ್ಕಿಗೆ, ಅದೇ ಹೊತ್ತಿಗೆ ಬರತೊಡಗಿದ. ಮೊದಲ ದಿನ ನನ್ನಿಂದ ಮೂರು ಕುರ್ಚಿ ಆಚೆ ಕೂತ. ನಾನು ಎದ್ದು ಹೋಗಿ ಎಲ್ಲವನ್ನೂ ಹೇಳಿದೆ, ಫಾರ್ಮಿನಿಂದ ಶುರುಮಾಡಿ. ಅವನು ಟಿ.ವಿ. ನೋಡುತ್ತ ಕೇಳಿಸಿಕೊಂಡ.

“ಎಳನೀರು ತಂದಿದ್ನಲ್ಲ ಸಾರ್, ಅವತ್ತಾದ್ರೂ ಹೇಳ್ಬೋದಿತ್ತು,” ಎಂದ. ಅಷ್ಟೇ. ನಂತರ ತಿಂಗಳುಗಟ್ಟಲೆ ಮಾತಿಲ್ಲ.

ಅವನು ಹನ್ನೊಂದು ಮಾತ್ರೆ ನುಂಗಿ ಕಣ್ಣು ಮುಚ್ಚಿ ಕೂರುವುದನ್ನು ಮೂರು ಕುರ್ಚಿಯ ಈಚೆಯಿಂದ ದಿನಾ ನೋಡಿದೆ. ಚೀನೀ ಅಂಗಡಿಯಿಂದ ಒಣ ಪ್ಲಮ್ ತಂದು ನಡುವಿನ ಕುರ್ಚಿಯಲ್ಲಿ ಇಡುತ್ತಿದ್ದೆ. ಮೊದಲ ಎರಡು ವಾರ ಅದು ಅಲ್ಲೇ ಉಳಿಯಿತು. ಆಮೇಲೆ ಒಂದು ದಿನ ತೆಗೆದುಕೊಂಡ. ಆ ನಡುವೆ ತಂಡ ಶಿಖರ ಮುಟ್ಟಿದ ಸುದ್ದಿ ಬಂತು. ಕ್ಲಿನಿಕ್ಕಿನಲ್ಲಿ ಅದನ್ನು ನಾನೂ ಹೇಳಲಿಲ್ಲ, ಅವನೂ ಹೇಳಲಿಲ್ಲ.

ಜೂನಿನಲ್ಲಿ ನನ್ನ ಕೋರ್ಸು ಮುಗಿಯಿತು. ಮರುದಿನವೂ ಹೋದೆ. ಫಾತಿಮಾ ನನ್ನನ್ನು ನೋಡಿ, ಕಾರ್ಡು ಮುಗಿದಿದೆಯಲ್ಲ ಎಂದರು. ಸುಮ್ಮನೆ ಕೂರುತ್ತೇನೆ ಎಂದೆ. ಬೇಡ ಎನ್ನಲಿಲ್ಲ. ಅಕ್ಟೋಬರಿನ ತನಕ ಆಫೀಸಿಗೆ ಮುಂಚೆ ಅರ್ಧ ಗಂಟೆ ಅಲ್ಲಿ ಕೂತೆ. ಅದರಿಂದ ಗಿರೀಶನಿಗೆ ಏನು ಉಪಕಾರವಾಯಿತೋ ಗೊತ್ತಿಲ್ಲ. ಪ್ರಾಯಶ್ಚಿತ್ತ ಎನ್ನಲು ನಾಚಿಕೆಯಾಗುತ್ತದೆ. ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ, ಅಷ್ಟೇ.

ಅವನ ಕೊನೆಯ ಮಾತ್ರೆಯ ದಿನ ಒಂದು ಶನಿವಾರ. ಫಾತಿಮಾ ಕಾರ್ಡಿಗೆ ಗುರುತು ಹಾಕಿ ಅವನ ಕೈ ಕುಲುಕಿದರು. ಹೊರಗೆ ಬಂದು ಅವನು ನಿಂತ.

“ಬರ್ತೀರಾ, ಮೆಟ್ಲು ಹತ್ತೋಣ?”

ಚೀಲವಿಲ್ಲದೆ, ಕೈ ಬೀಸಿಕೊಂಡು ಆ ಬ್ಲಾಕಿಗೆ ನಡೆದೆವು. ಅಜ್ಜಿ ಬೆಂಚಿನಲ್ಲೇ ಇದ್ದರು. ಎಂಟನೇ ಮಹಡಿಯಲ್ಲಿ ಗಿರೀಶ ನಿಂತು ಗೋಡೆಗೆ ಕೈ ಕೊಟ್ಟ. ನೀರು ತೆಗೆದರೂ ಪದರ ಒಳಗೆ ಅಂಟಿಕೊಂಡಿದೆ, ದಿನದ ಬದುಕಿಗೇನೂ ತೊಂದರೆಯಿಲ್ಲ, ದೊಡ್ಡ ಎತ್ತರ ಮಾತ್ರ ಬೇಡ ಎಂದು ಡಾಕ್ಟರು ಹೇಳಿದ್ದರಂತೆ. ನನ್ನ ಎದೆಯಲ್ಲಿ ಉಸಿರು ಸಲೀಸಾಗಿ ಆಡುತ್ತಿತ್ತು. ಅದು ಅವನಿಗೆ ಕೇಳಿಸದಿರಲಿ ಎಂದು ಬಾಯಿ ಮುಚ್ಚಿ ನಿಂತೆ.

ಗಿರೀಶ ಬಾಟಲಿ ಕಚ್ಚಿ ನೀರು ಕುಡಿದು ನನ್ನ ಕೈಗೆ ಕೊಟ್ಟ. ನನ್ನ ಕೈ ತಾನಾಗಿ ತಲೆಯ ಮೇಲಕ್ಕೆ ಹೋಯಿತು.

“ಈಗ್ಲೂ ಎತ್ತೇ ಕುಡೀಬೇಕಾ ಸಾರ್?”

ಅವನು ನಗುತ್ತಿರಲಿಲ್ಲ. ನಾನು ಬಾಟಲಿ ಇಳಿಸಿ ಬಾಯಿಗಿಟ್ಟುಕೊಂಡು ಕುಡಿದೆ. ಲಿಫ್ಟಿಗೆ ಒಂಬತ್ತನೇ ಮಹಡಿಗೆ ಹೋಗಬೇಕಿತ್ತು. ಅವನು ಕಟಾಂಜನ ಹಿಡಿದು ಮುಂದೆ ಹತ್ತಿದ, ನಾನು ಒಂದು ಮೆಟ್ಟಿಲು ಹಿಂದೆ.